ಉಬ್ಬು ಹಲಗೆ ಕೆತ್ತಲು ಮನೆಯಲ್ಲೇ ಮಾಡಿಕೊಳ್ಳುವ ಜಿಗ್‌ಗಳು: ಮೊದಲು ಅಳೆಯುವುದು, ಆಮೇಲೆ ಕೊರೆಯುವುದು

ಪಿಟೀಲು, ಉಬ್ಬು ಮೈಯ ಮ್ಯಾಂಡೊಲಿನ್, ಉಬ್ಬು ಮೈಯ ಗಿಟಾರ್ – ಇವುಗಳ ಮೇಲ್ಹಲಗೆ ಬಗ್ಗಿಸಿ ಮಾಡಿದ್ದಲ್ಲ, ಕೆತ್ತಿ ಮಾಡಿದ್ದು. ಸುಮಾರು ಎರಡು ಸೆಂಟಿಮೀಟರ್ ದಪ್ಪದ ಸ್ಪ್ರೂಸ್ ಹಲಗೆಯ ಹೊರಮೈಯನ್ನು ಮೊದಲು ಉಬ್ಬಿಗೆ ತರಬೇಕು. ಆಮೇಲೆ ತಿರುಗಿಸಿ ಒಳಗಡೆ ತೋಡಬೇಕು. ಕೊನೆಗೆ ಉಳಿಯುವುದು ಪಿಟೀಲಿನಲ್ಲಿ ಹೆಚ್ಚು ಕಡಿಮೆ 3 ಮಿ.ಮೀ., ಮ್ಯಾಂಡೊಲಿನ್‌ನ ನಡುವೆ 5 ಮಿ.ಮೀ. ಹತ್ತಿರ, ಗಿಟಾರಿನ ನಡುವೆ 6 ಮಿ.ಮೀ. ಆಸುಪಾಸು. ಉಳಿದ ಮರವೆಲ್ಲ ಚಕ್ಕೆಯಾಗಿ ನೆಲಕ್ಕೆ ಬೀಳುತ್ತದೆ. ಈ ಕೆಲಸದಲ್ಲಿ ಅಳತೆ ತಪ್ಪದಂತೆ ಹಲಗೆಯನ್ನೋ ಉಪಕರಣವನ್ನೋ ಹಿಡಿದು ನಡೆಸುವ ಸಾಧನಗಳೇ ಜಿಗ್‌ಗಳು.

ಇಲ್ಲಿ ಒಂದು ಲೆಕ್ಕ ನೆನಪಿಡಬೇಕು. ಹಲಗೆ ಬಾಗದೆ ನಿಲ್ಲುವ ಶಕ್ತಿ ಅದರ ದಪ್ಪದ ಘನಕ್ಕೆ ತಕ್ಕಂತೆ ಏರಿಳಿಯುತ್ತದೆ. 3 ಮಿ.ಮೀ. ಹಲಗೆಯನ್ನು 2.7 ಮಿ.ಮೀ.ಗೆ ಇಳಿಸಿದರೆ ದಪ್ಪದಲ್ಲಿ ಹೋಗಿದ್ದು ಹತ್ತರಲ್ಲಿ ಒಂದು ಪಾಲು ಅಷ್ಟೇ. ಆದರೆ ಆ ಶಕ್ತಿಯಲ್ಲಿ ಹೋಗಿದ್ದು ಕಾಲು ಪಾಲಿಗಿಂತ ಜಾಸ್ತಿ. ಸ್ಯಾಂಡ್ ಪೇಪರ್ ಸ್ವಲ್ಪ ಹೊತ್ತು ಹೆಚ್ಚು ಉಜ್ಜಿದರೂ ವಾದ್ಯದ ದನಿ ಬದಲಾಗುವುದು ಇದಕ್ಕೇ.

ನಾನು ಮೊದಲ ಮ್ಯಾಂಡೊಲಿನ್ ಹಲಗೆಗೆ ಕೈ ಹಾಕಿದಾಗ ಎಲ್ಲಕ್ಕಿಂತ ಮೊದಲು ಮಾಡಿದ್ದು ರೂಟರ್ ಸೇತುವೆ, ಅಂದರೆ ತಿರುಗುವ ಬಿಟ್‌ನಿಂದ ಮರ ಕೊರೆಯುವ ರೂಟರ್ ಯಂತ್ರ ಹಲಗೆಯ ಮೇಲೆ ಓಡಾಡಲು ಒಂದು ಸೇತುವೆ. ನೋಡಲು ಚೆನ್ನಾಗಿತ್ತು, ಬೇಗ ಮರ ತೆಗೆಯುತ್ತಿತ್ತು. ಹೊರಮೈ ಆಯಿತು. ಒಳಮೈ ತೋಡುವಾಗಲೂ ಅದರ ಮೇಲೇ ಭರವಸೆ ಇಟ್ಟೆ. ಆಳವನ್ನು ಮೇಜಿನ ಮಟ್ಟದಿಂದ ಲೆಕ್ಕ ಹಾಕಿದ್ದೆ. ಆದರೆ ಹೊರಮೈಯನ್ನು ಕೈಯಲ್ಲಿ ನಯ ಮಾಡುವಾಗ ಅಂಚಿನ ಹತ್ತಿರದ ತಗ್ಗು ನಕ್ಷೆಗಿಂತ ಒಂದೂವರೆ ಮಿಲಿಮೀಟರ್ ಆಳಕ್ಕೆ ಹೋಗಿತ್ತು. ಮೇಜಿಗೆ ಅದು ಹೇಗೆ ಗೊತ್ತಾಗಬೇಕು? ಒಂದು ಕಡೆ ಹಲಗೆಯ ಆಚೆಯಿಂದ ಬೆಳಕು ಕಂಡಿತು. ಆ ಹಲಗೆ ಅಲ್ಲಿಗೇ ಮುಗಿಯಿತು.

ಅವತ್ತಿನಿಂದ ನಾನು ಹಿಡಿದಿರುವ ಕ್ರಮ ಒಂದೇ. ಒಳಮೈಯ ಅಳತೆ ಯಾವಾಗಲೂ ಅದರ ಹೊರಮೈಯಿಂದಲೇ ಬರಬೇಕು. ಮೇಜಿನಿಂದ ಅಲ್ಲ, ನಕ್ಷೆಯಿಂದ ಅಲ್ಲ. ಹಾಗಾಗಿ ಮೊದಲು ಅಳೆಯುವ ಜಿಗ್ ಮಾಡಿಕೊಳ್ಳಿ. ಮರ ತೆಗೆಯುವ ಜಿಗ್ ಆಮೇಲೆ.

ದಪ್ಪ ಅಳೆಯುವ ಕೈ

ಸಾಮಾನ್ಯ ವರ್ನಿಯರ್ ಹಲಗೆಯ ನಡುವಿನವರೆಗೆ ಹೋಗುವುದಿಲ್ಲ. ಅದಕ್ಕೆ ಉದ್ದ ಬಾಯಿಯ ಅಳತೆಗೋಲು ಬೇಕು. 18 ಮಿ.ಮೀ. ಪ್ಲೈವುಡ್‌ನಿಂದ ಇದನ್ನು ಒಂದು ಮಧ್ಯಾಹ್ನದಲ್ಲಿ ಮಾಡಬಹುದು.

ಬಾಯಿಯ ಆಳ ಎಷ್ಟಿರಬೇಕು ಅಂದರೆ ವಾದ್ಯದ ಅತಿ ಅಗಲದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಪಿಟೀಲಿನ ಕೆಳಭಾಗ ಸುಮಾರು 208 ಮಿ.ಮೀ. ಅಗಲ. ಅಲ್ಲಿಗೆ 150 ಮಿ.ಮೀ. ಬಾಯಿ ಧಾರಾಳ ಸಾಕು. 17 ಇಂಚಿನ ಗಿಟಾರ್ ಮಾಡುವ ಆಸೆ ಇದ್ದರೆ 230 ಮಿ.ಮೀ. ಇಟ್ಟುಕೊಳ್ಳಿ.

ಯು ಆಕಾರವನ್ನು ಒಂದೇ ಪ್ಲೈವುಡ್ ತುಂಡಿನಲ್ಲಿ ಕತ್ತರಿಸಿ. ಎರಡು ತೋಳು ಬೇರೆ ಬೇರೆ ಮಾಡಿ ಜೋಡಿಸಿದರೆ ಆ ಜೋಡಣೆ ಇಂದಲ್ಲ ನಾಳೆ ಸಡಿಲವಾಗುತ್ತದೆ. ತೋಳಿನ ಅಗಲ ಕನಿಷ್ಠ 60 ಮಿ.ಮೀ. ಇರಲಿ. ಬಾಯಿಯ ಒಳಮೂಲೆಗಳನ್ನು ದುಂಡಗೆ ಮಾಡಿ, ಚೂಪು ಬಿಡಬೇಡಿ.

ಕೆಳತೋಳಿನ ತುದಿಯಲ್ಲಿ ಗುಮ್ಮಟದ ತಲೆಯ ಹಿತ್ತಾಳೆ ನಟ್ ಒಂದನ್ನು ಕೂರಿಸಿ. ಮೇಲ್ತೋಳಿನಲ್ಲಿ ಸರಿಯಾಗಿ ಅದರ ನೇರಕ್ಕೆ ಡಯಲ್ ಗೇಜ್, ಅಂದರೆ ಕಡ್ಡಿ ಸರಿದಷ್ಟು ದೂರವನ್ನು ಮುಳ್ಳಿನಲ್ಲಿ ತೋರಿಸುವ ಅಳತೆ ಉಪಕರಣ. ಮಿಲಿಮೀಟರ್ ಡಯಲ್ ಗೇಜ್‌ಗಳ ಕೊಳವೆ ಸಾಮಾನ್ಯವಾಗಿ 8 ಮಿ.ಮೀ. ಇರುತ್ತದೆ. ಅಷ್ಟೇ ಅಗಲದ ತೂತು ಕೊರೆದು, ತೋಳಿನ ತುದಿಯಿಂದ ತೂತಿನವರೆಗೆ ಗರಗಸದಿಂದ ಒಂದು ಸೀಳು ಮಾಡಿ. ಅಡ್ಡಲಾಗಿ ಒಂದು ಬೋಲ್ಟ್ ಹಾಕಿ ಬಿಗಿದರೆ ಸೀಳು ಮುಚ್ಚಿಕೊಂಡು ಗೇಜನ್ನು ಹಿಡಿದುಕೊಳ್ಳುತ್ತದೆ. ಜಾಸ್ತಿ ಬಿಗಿದರೆ ಒಳಗಿನ ಕಡ್ಡಿ ಸಿಕ್ಕಿಕೊಳ್ಳುತ್ತದೆ. ಬೆರಳಲ್ಲಿ ಎತ್ತಿ ಬಿಟ್ಟು ನೋಡಿ, ಸರಾಗವಾಗಿ ಇಳಿಯಬೇಕು.

ಗೇಜ್‌ನ ಮೊನೆ ದುಂಡಗಿರಲಿ. ಸ್ಪ್ರೂಸ್ ಮೆತ್ತನೆಯ ಮರ. ಚೂಪು ಮೊನೆ ಸ್ಪ್ರಿಂಗಿನ ಒತ್ತಡಕ್ಕೇ ಚುಕ್ಕೆ ಮೂಡಿಸುತ್ತದೆ. ಕಡ್ಡಿಯ ಮೇಲ್ತುದಿಗೆ ದಾರದ ಕುಣಿಕೆ ಕಟ್ಟಿಕೊಳ್ಳಿ. ಹಲಗೆ ಒಳಗೆ ಸರಿಸುವಾಗ ದಾರ ಎಳೆದು ಮೊನೆ ಎತ್ತುವುದು, ನಿಲ್ಲಿಸಿದ ಮೇಲೆ ಮೆಲ್ಲಗೆ ಬಿಡುವುದು. ಮೊನೆ ತಾಗಿಸಿಕೊಂಡೇ ಹಲಗೆ ಎಳೆದಾಡಿದರೆ ಗೀರು ಖಂಡಿತ.

ಎರಡು ಮೊನೆ ಒಂದಕ್ಕೊಂದು ತಾಗಿದಾಗ ಮುಳ್ಳು ಸೊನ್ನೆಗೆ ಬರಲಿ. ಸರಿ ಇದೆಯಾ ಅಂತ ನೋಡಲು 3 ಮಿ.ಮೀ. ಮತ್ತು 6 ಮಿ.ಮೀ. ಡ್ರಿಲ್ ಬಿಟ್‌ಗಳ ನಯವಾದ ಹಿಡಿಭಾಗವನ್ನು ಮೊದಲು ವರ್ನಿಯರ್‌ನಲ್ಲಿ ಅಳೆದು, ಆಮೇಲೆ ಇಲ್ಲಿ ಇಟ್ಟು ಹೋಲಿಸಿ. ಇನ್ನೊಂದು ಪರೀಕ್ಷೆಯೂ ಇದೆ. ಬೆರಳಿನಿಂದ ಮೇಲ್ತೋಳನ್ನು ಸ್ವಲ್ಪ ಒತ್ತಿ. ಮುಳ್ಳು 0.05 ಮಿ.ಮೀ.ಗಿಂತ ಜಾಸ್ತಿ ಓಡಿದರೆ ತೋಳು ಸಾಲದು. ಇನ್ನೊಂದು ಪದರ ಪ್ಲೈವುಡ್ ಅಂಟಿಸಿ. ಪ್ಲೈವುಡ್ ಕೂಡ ಗಾಳಿಯ ತೇವಕ್ಕೆ ಅಲ್ಪಸ್ವಲ್ಪ ಅಲುಗುತ್ತದೆ, ಆದ್ದರಿಂದ ಪ್ರತಿ ಸಲ ಕೂತಾಗಲೂ ಸೊನ್ನೆ ಮಾಡಿಕೊಂಡೇ ಶುರು ಮಾಡಿ.

ಹಲಗೆ ಕೂರುವ ತೊಟ್ಟಿಲು

ಹೊರಮೈ ಕೆತ್ತುವಾಗ ಹಲಗೆಯ ಕೆಳಮೈ ಇನ್ನೂ ಸಪಾಟಾಗಿರುತ್ತದೆ. ಹಿಡಿದಿಡುವುದು ಸುಲಭ. ವಾದ್ಯದ ಗೆರೆಯ ಹೊರಗೆ, ನಾಲ್ಕು ಮೂಲೆಯಲ್ಲಿ ಸ್ವಲ್ಪ ಮರ ಉಳಿಸಿ, ಅಲ್ಲಿ ಸ್ಕ್ರೂ ಹಾಕಿ ಅಡಿಹಲಗೆಗೆ ಬಿಗಿದರೆ ಆಯಿತು. ಸ್ಕ್ರೂ ತಲೆ ಒಳಗೆ ಇಳಿದಿರಲಿ, ಉಳಿಯ ಬಾಯಿ ಕಬ್ಬಿಣಕ್ಕೆ ತಾಗಿದರೆ ಅರ್ಧ ಗಂಟೆ ಸಾಣೆ ಹಿಡಿಯಬೇಕಾಗುತ್ತದೆ.

ಕಷ್ಟ ಬರುವುದು ತಿರುಗಿಸಿದಾಗ. ಉಬ್ಬು ಕೆಳಗೆ ಹೋದರೆ ಹಲಗೆ ಮೇಜಿನ ಮೇಲೆ ಬಟ್ಟಲಿನ ಹಾಗೆ ತೂಗಾಡುತ್ತದೆ. ಅದಕ್ಕೇ ತೊಟ್ಟಿಲು.

18 ಮಿ.ಮೀ. ಪ್ಲೈವುಡ್‌ನ ಎರಡು ತುಂಡು ತೆಗೆದುಕೊಂಡು ಒಂದರ ಮೇಲೊಂದು ಅಂಟಿಸಿ. 36 ಮಿ.ಮೀ. ಆಳ ಸಿಗುತ್ತದೆ, ಯಾವ ಉಬ್ಬಿಗೂ ಸಾಲುತ್ತದೆ. ವಾದ್ಯದ ಅಂಚಿನ ಗೆರೆಯನ್ನು ಅದರ ಮೇಲೆ ಬರೆದು, ಆ ಗೆರೆಯಿಂದ 8 ಮಿ.ಮೀ. ಒಳಗೆ ಜಿಗ್‌ಸಾದಿಂದ ಕತ್ತರಿಸಿ. ಹಲಗೆಯ ಅಂಚು ಆ 8 ಮಿ.ಮೀ. ಪಟ್ಟಿಯ ಮೇಲೆ ಕೂರುತ್ತದೆ, ಉಬ್ಬು ತೂತಿನೊಳಗೆ ಇಳಿಯುತ್ತದೆ. ಪಟ್ಟಿಯ ಒಳಗಿನ ಚೂಪನ್ನು ಅರದಿಂದ ಇಳಿಜಾರು ಮಾಡಿ. ಮೇಲೆ 2 ಮಿ.ಮೀ. ಕಾರ್ಕ್ ಹಾಳೆ ಅಂಟಿಸಿ.

ಹಲಗೆ ಪಕ್ಕಕ್ಕೆ ಜಾರದ ಹಾಗೆ ಗೆರೆಯ ಹೊರಗೆ ಮೂರು ನಾಲ್ಕು ಕಡೆ ಮರದ ತುಂಡುಗಳನ್ನು ಸ್ಕ್ರೂ ಹಾಕಿ ನಿಲ್ಲಿಸಿ. ಅವುಗಳ ಮೇಲೆ ತಿರುಗುವ ಚಿಲಕದ ಹಾಗೆ ಪುಟ್ಟ ಪಟ್ಟಿ ಇಟ್ಟರೆ, ಅಂಚನ್ನು ಒತ್ತಿ ಹಿಡಿಯುತ್ತದೆ. ಪಟ್ಟಿಯ ಅಡಿಗೆ ಚರ್ಮದ ಚೂರು ಇರಲಿ. ತೊಟ್ಟಿಲಿನ ಕೆಳಗೆ ಒಂದು ದಪ್ಪ ರೀಪರ್ ಹೊಡೆದರೆ ಇಡೀ ಜಿಗ್ಗನ್ನು ವೈಸ್‌ನಲ್ಲಿ ಕಚ್ಚಿಸಬಹುದು.

ಒಂದು ಮಾತು ಮರೆಯಬೇಡಿ. ಒಳಗೆ ತೋಡುತ್ತಾ ಹೋದಂತೆ ಹಲಗೆ ತೆಳ್ಳಗಾಗುತ್ತದೆ, ನಡುವೆ ಆಧಾರ ಇಲ್ಲದೆ ಉಳಿಯ ಒತ್ತಡಕ್ಕೆ ಬಾಗುತ್ತದೆ. ಬಾಗಿದ ಜಾಗದಲ್ಲಿ ಉಳಿ ಕಡಿಮೆ ಕಚ್ಚುತ್ತದೆ, ಕೈ ಎತ್ತಿದ ಮೇಲೆ ಅಲ್ಲಿ ದಪ್ಪ ಉಳಿದಿರುತ್ತದೆ. ಬಟ್ಟೆ ಚೀಲದಲ್ಲಿ ನುಣ್ಣಗಿನ ಒಣ ಮರಳು ತುಂಬಿ ಉಬ್ಬಿನ ಕೆಳಗಿಡಿ. ಮರಳು ಉಬ್ಬಿನ ಆಕಾರಕ್ಕೇ ಕೂರುತ್ತದೆ.

ಕಂಬದ ಮೇಲೆ ತೂತು

ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಇದಕ್ಕಿಂತ ಉಪಯೋಗದ ಜಿಗ್ ಇನ್ನೊಂದಿಲ್ಲ. ಮಾಡಲು ಬೇಕಾದ್ದು ಒಂದು ಪ್ಲೈವುಡ್ ತುಂಡು, ಒಂದು ಗಟ್ಟಿ ಮರದ ದುಂಡು ಕೋಲು ಅಷ್ಟೇ.

ಉಪಾಯ ಹೀಗಿದೆ. ಡ್ರಿಲ್ ಪ್ರೆಸ್, ಅಂದರೆ ನಿಲುವಿಗೆ ಕೂರಿಸಿದ ಕೊರೆಯುವ ಯಂತ್ರ, ಅದರ ಬಿಟ್ ಮೇಲಿಂದ ಇಳಿಯುತ್ತದೆ. ಅದರ ಸರಿ ಕೆಳಗೆ ಒಂದು ಕುಳ್ಳ ಕಂಬ. ಕಂಬದ ತಲೆಗಿಂತ 4 ಮಿ.ಮೀ. ಮೇಲೆ ಬಿಟ್ ನಿಲ್ಲುವ ಹಾಗೆ ಡೆಪ್ತ್ ಸ್ಟಾಪ್ (ಬಿಟ್ ಇನ್ನೂ ಕೆಳಗೆ ಇಳಿಯದಂತೆ ಹಿಡಿಯುವ ತಡೆ) ಬಿಗಿದಿದೆ ಅಂದುಕೊಳ್ಳಿ. ಹಲಗೆಯ ಉಬ್ಬನ್ನು ಕೆಳಗೆ ಮಾಡಿ ಕಂಬದ ಮೇಲೆ ಎಲ್ಲಿ ಇಟ್ಟು ಕೊರೆದರೂ ತೂತಿನ ತಳದಲ್ಲಿ ಉಳಿಯುವ ಮರ 4 ಮಿ.ಮೀ. ಉಬ್ಬು ಎಷ್ಟು ಎತ್ತರ ಅಂತ ಕೇಳುವ ಹಾಗೇ ಇಲ್ಲ. ಕಂಬ ಹೊರಮೈಯನ್ನೇ ಮುಟ್ಟಿಕೊಂಡು ನಿಂತಿದೆ, ಅಲ್ವಾ? ನನ್ನ ಮೊದಲ ಹಲಗೆ ಹಾಳಾಗಿದ್ದು ಈ ಒಂದು ಕಂಬ ಇಲ್ಲದೆ.

ಕಂಬ ಬಿಟ್‌ನ ನೇರಕ್ಕೇ ಇರಬೇಕು. ಕಣ್ಣಳತೆಯಲ್ಲಿ ಅದು ಸಿಗುವುದಿಲ್ಲ, ಸಿಗುವ ದಾರಿ ಬೇರೆ ಇದೆ. ಪ್ಲೈವುಡ್ ಅಡಿಹಲಗೆಯನ್ನು ಡ್ರಿಲ್ ಪ್ರೆಸ್ ಮೇಜಿಗೆ ಕ್ಲ್ಯಾಂಪ್ ಹಾಕಿ ಬಿಗಿಯಿರಿ. 12 ಮಿ.ಮೀ. ಬಿಟ್ ಹಾಕಿ ಅದರಲ್ಲಿ ತೂತು ಕೊರೆಯಿರಿ. ಈಗ ಏನನ್ನೂ ಅಲುಗಿಸದೆ, ಆ ತೂತಿಗೇ 12 ಮಿ.ಮೀ. ಕೋಲನ್ನು ಇಳಿಸಿ. ಬಿಟ್ ಬದಲಿಸಿ 6 ಮಿ.ಮೀ. ಹಾಕಿ. ಯಂತ್ರ ತಾನೇ ತೋರಿಸಿದ ಜಾಗದಲ್ಲಿ ಕಂಬ ನಿಂತಿದೆ, ಇನ್ನು ನೇರದ ಚಿಂತೆ ಇಲ್ಲ. ಆದರೆ ಕೆಲಸ ಮುಗಿಯುವವರೆಗೆ ಕ್ಲ್ಯಾಂಪ್ ಬಿಚ್ಚಬೇಡಿ. ಬಿಚ್ಚಿದರೆ ಮತ್ತೆ ಮೊದಲಿನಿಂದ.

ಕಂಬ ಅಡಿಹಲಗೆಯಿಂದ 50 ಮಿ.ಮೀ.ನಷ್ಟು ಮೇಲೆದ್ದಿರಲಿ. ಹಲಗೆಯ ಅಂಚಿನ ತಗ್ಗನ್ನು ಕಂಬದ ಮೇಲೆ ಇಟ್ಟಾಗ ನಡುವಿನ ಉಬ್ಬು ಕಂಬದ ತಲೆಗಿಂತ ಕೆಳಗೆ ಇಳಿಯುತ್ತದೆ. ಕಂಬ ಕುಳ್ಳಾದರೆ ಉಬ್ಬು ಅಡಿಹಲಗೆಗೆ ತಾಗಿ, ಹಲಗೆ ಕಂಬದಿಂದ ಮೇಲೆ ಏಳುತ್ತದೆ. ಆಗ ತೂತು ಬೇಕಾದ್ದಕ್ಕಿಂತ ಆಳಕ್ಕೆ ಹೋಗುತ್ತದೆ. ಕಂಬದ ತಲೆ ದುಂಡಗಿರಲಿ, ನುಣ್ಣಗೆ ಉಜ್ಜಿ ಮೇಣ ಹಚ್ಚಿ. ಚರ್ಮ, ಬಟ್ಟೆ ಏನನ್ನೂ ಅಂಟಿಸಬೇಡಿ. ಮೆತ್ತನೆಯದು ಅಮುಕಿದಷ್ಟು ಅಳತೆ ತಪ್ಪುತ್ತದೆ.

ಸ್ಟಾಪ್ ಎಷ್ಟಕ್ಕೆ ಇಡಬೇಕು? ಬೇಕಾದ ದಪ್ಪಕ್ಕೆ 1 ಮಿ.ಮೀ. ಸೇರಿಸಿ. ಪಿಟೀಲಿನ ಮೇಲ್ಹಲಗೆಗೆ 4, ಮ್ಯಾಂಡೊಲಿನ್ ನಡುವಿಗೆ 6. ಅಷ್ಟೇ ದಪ್ಪದ ಲೋಹದ ಚೂರನ್ನು ಕಂಬದ ತಲೆಯ ಮೇಲಿಟ್ಟು, ಯಂತ್ರ ನಿಲ್ಲಿಸಿ, ಬಿಟ್‌ನ ಮೊನೆ ಅದಕ್ಕೆ ತಾಗುವವರೆಗೆ ಇಳಿಸಿ ಸ್ಟಾಪ್ ಬಿಗಿಯಿರಿ. ಆಮೇಲೆ ಕೆಲಸಕ್ಕೆ ಬಾರದ ಮರದ ಮೇಲೆ ಎರಡು ತೂತು ಕೊರೆದು ನೋಡಿ. ಸಾಮಾನ್ಯ 6 ಮಿ.ಮೀ. ಬಿಟ್‌ನ ಚೂಪು ಮೊನೆಯೇ ಸುಮಾರು 1.8 ಮಿ.ಮೀ. ಉದ್ದ ಇರುತ್ತದೆ. ಲೆಕ್ಕ ಆ ಮೊನೆಯಿಂದ, ತೂತಿನ ಗೋಡೆಯಿಂದ ಅಲ್ಲ. ಸ್ಟಾಪಿನ ನಟ್ ನಡುಕಕ್ಕೆ ಸಡಿಲವಾಗುವುದುಂಟು. ಎರಡು ನಟ್ ಇದ್ದರೆ ಒಂದಕ್ಕೊಂದು ಬಿಗಿಯಿರಿ. ಹತ್ತು ತೂತಿಗೊಮ್ಮೆ ಮತ್ತೆ ಪರೀಕ್ಷೆ ಮಾಡಿ.

ಕೊರೆಯುವಾಗ ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದು ಕಂಬಕ್ಕೆ ಒತ್ತಬೇಕು, ಹಾಗಾಗಿ ಬಿಟ್ ಇಳಿಸಲು ಜೊತೆಗೆ ಒಬ್ಬರಿದ್ದರೆ ಒಳ್ಳೆಯದು. ಒಬ್ಬರೇ ಇದ್ದರೆ ಹಲಗೆಯ ಅಂಚಿಗೆ ಸಮನಾದ ಎರಡು ಆಧಾರ ಕೊಟ್ಟುಕೊಳ್ಳಿ. ಕೈಗವಸು ಬೇಡ, ತಿರುಗುವ ಬಿಟ್ ಅದನ್ನು ಸುತ್ತಿಕೊಂಡು ಬಿಡುತ್ತದೆ. ಕನ್ನಡಕ ಬೇಕೇ ಬೇಕು.

ಇಳಿಜಾರಿನ ಜಾಗದಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಹಲಗೆ ಓರೆಯಾಗಿ ಕೂತಿದ್ದರೆ ಬಿಟ್ ಅಳೆಯುವುದು ನೇರ ಕೆಳಗಿನ ದೂರವನ್ನು. ನಿಜವಾದ ದಪ್ಪ ಅದಕ್ಕಿಂತ ಕಡಿಮೆ. 20 ಡಿಗ್ರಿ ಓರೆ ಇದ್ದರೆ 5 ಮಿ.ಮೀ. ಅಂದುಕೊಂಡಿದ್ದು 4.7 ಆಗಿರುತ್ತದೆ. ಆದ್ದರಿಂದ ಆಯಾ ಜಾಗದ ಮೈ ಬಿಟ್‌ಗೆ ನೆಟ್ಟಗೆ ಬರುವ ಹಾಗೆ ಹಲಗೆಯನ್ನು ವಾಲಿಸಿ ಹಿಡಿಯಿರಿ.

ತೂತುಗಳ ನಡುವೆ 12ರಿಂದ 15 ಮಿ.ಮೀ. ಅಂತರ ಸಾಕು. ಎಲ್ಲ ಕೊರೆದ ಮೇಲೆ ಪ್ರತಿ ತೂತಿನ ತಳಕ್ಕೂ ಪೆನ್ಸಿಲ್ ಮೊನೆ ಒತ್ತಿ ಕಪ್ಪು ಚುಕ್ಕೆ ಇಡಿ. ಈಗ ಗೌಜ್, ಅಂದರೆ ಬಾಯಿ ದುಂಡಗಿರುವ ಉಳಿ, ಹಿಡಿದು ಧೈರ್ಯವಾಗಿ ತೋಡಬಹುದು. ಕಪ್ಪು ಚುಕ್ಕೆ ಕಂಡ ಕಡೆ ನಿಲ್ಲಿಸುವುದು. ಚುಕ್ಕೆಯನ್ನು ಅಳಿಸುವುದು ಪುಟ್ಟ ಉಜ್ಜುಗೊರಡಿನ ಕೆಲಸ, ಉಳಿಯದ್ದಲ್ಲ. ಉಳಿಯನ್ನು ಎಳೆಗೆ ಅಡ್ಡಲಾಗಿ ಓಡಿಸಿ. ಎಳೆಯ ಉದ್ದಕ್ಕೆ ಓಡಿಸಿದರೆ ಸ್ಪ್ರೂಸ್ ಸೀಳಿಕೊಂಡು ನಿಮ್ಮ ಗೆರೆ ದಾಟಿ ಹೋಗುತ್ತದೆ.

ಡ್ರಿಲ್ ಪ್ರೆಸ್ ಇಲ್ಲವಾ? ಅದೇ ಕಂಬದ ಹಿಂದೆ ಒಂದು ನಿಲುವು, ಅದಕ್ಕೆ ತಿರುಗಣೆಯಲ್ಲಿ ಒಂದು ತೋಳು, ತೋಳಿನ ತುದಿಯಲ್ಲಿ ಮೊಂಡು ಮೊಳೆ. ಮೊಳೆ ಕಂಬದ ಮೇಲೆ ಬೇಕಾದಷ್ಟು ಎತ್ತರದಲ್ಲಿ ನಿಲ್ಲುವಂತೆ ತೋಳಿನ ಅಡಿಗೆ ಒಂದು ತಡೆ ಸ್ಕ್ರೂ. ಹಲಗೆ ಸರಿಸುತ್ತಾ ತೋಳನ್ನು ಒತ್ತಿದರೆ ದಪ್ಪ ಇರುವ ಕಡೆಯಲ್ಲೆಲ್ಲ ಮೊಳೆ ಗುರುತು ಮೂಡಿಸುತ್ತದೆ, ಸರಿಯಾದ ಕಡೆ ಮುಟ್ಟುವುದೇ ಇಲ್ಲ. ಆದರೆ ಮೊಳೆ ಆಳಕ್ಕೆ ಇಳಿಯಲಾರದು. ಒಂದೆರಡು ಮಿಲಿಮೀಟರ್ ಮಾತ್ರ ಉಳಿದಿದೆ ಅನ್ನುವ ಹಂತದಲ್ಲಿ ಇದನ್ನು ಬಳಸಿ.

ಪೆನ್ಸಿಲ್ ಕಟ್ಟಿದ ಮರದ ತುಂಡು

ಇದನ್ನು ಮಾಡಲು ಹತ್ತು ನಿಮಿಷ. ಒಂದು ಮರದ ತುಂಡಿನಲ್ಲಿ 2 ಮಿ.ಮೀ. ಏರಿಕೆಯಲ್ಲಿ ಅಡ್ಡ ತೂತು ಕೊರೆದು ಪೆನ್ಸಿಲ್ ತೂರಿಸಿ. ಹೊರಮೈ ಕೆತ್ತುವಾಗ ಸಪಾಟು ಮೇಜಿನ ಮೇಲೆ ಹಲಗೆ ಇಟ್ಟು, ಈ ತುಂಡನ್ನು ಸುತ್ತ ಸರಿಸಿದರೆ ಒಂದೇ ಎತ್ತರದ ಗೆರೆ ಮೂಡುತ್ತದೆ. ಹಾಗೆ ಏಳೆಂಟು ಗೆರೆ ಎಳೆದು ದೂರದಿಂದ ನೋಡಿ. ಎಡ ಬಲ ಒಂದೇ ರೀತಿ ಇರಬೇಕು. ಗೆರೆ ಎಲ್ಲಾದರೂ ಸೊಟ್ಟಗೆ ತಿರುಗಿದ್ದರೆ ಅಲ್ಲಿ ಗಂಟೋ ತಗ್ಗೋ ಇದೆ. ಕೈ ಸವರಿದಾಗ ಸಿಗದ ತಪ್ಪು ಈ ಗೆರೆಗಳಲ್ಲಿ ಸಿಗುತ್ತದೆ.

ಉಬ್ಬಿನ ಅಡ್ಡ ಆಕಾರಕ್ಕೆ ಅಚ್ಚು ಬೇಕಿದ್ದರೆ ಒಂದು ಚಕ್ರದಿಂದ ಅದನ್ನು ಬರೆಯಬಹುದು. ಪ್ಲೈವುಡ್ ಚಕ್ರದ ಸುತ್ತಳತೆ ಎರಡು ಬದಿಯ ತಗ್ಗುಗಳ ನಡುವಿನ ದೂರದಷ್ಟಿರಲಿ. ನಡುವಿನಿಂದ ಉಬ್ಬಿನ ಎತ್ತರದ ಅರ್ಧದಷ್ಟು ದೂರದಲ್ಲಿ ಪೆನ್ಸಿಲ್ ತೂತು. ದೂರ 150 ಮಿ.ಮೀ., ಎತ್ತರ 12 ಮಿ.ಮೀ. ಆದರೆ ಚಕ್ರದ ತ್ರಿಜ್ಯ 23.9, ತೂತು 6 ಮಿ.ಮೀ. ದೂರಕ್ಕೆ. ಪೆನ್ಸಿಲ್ ಕೆಳಗಿರುವಂತೆ ಶುರು ಮಾಡಿ, ನೇರ ಪಟ್ಟಿಯ ಮೇಲೆ ಜಾರದಂತೆ ಒಂದು ಸುತ್ತು ಉರುಳಿಸಿದರೆ, ತಗ್ಗಿನಿಂದ ಎದ್ದು ಮತ್ತೆ ತಗ್ಗಿಗೆ ಇಳಿಯುವ ಸುಂದರ ಉಬ್ಬು ಕಾಗದದ ಮೇಲೆ ಬರುತ್ತದೆ. ಹಳೆಯ ಪಿಟೀಲುಗಳ ಅಡ್ಡ ಉಬ್ಬು ಇದೇ ಗೆರೆಗೆ ಹತ್ತಿರ ಅಂತ ಹಲವು ಕುಶಲಕರ್ಮಿಗಳು ನಂಬುತ್ತಾರೆ. ನನಗೂ ಈ ಗೆರೆ ತುಂಬಾ ಇಷ್ಟ.

ರೂಟರ್ ಸೇತುವೆ, ಬೇಕಿದ್ದರೆ

ಗಿಟಾರಿನಂಥ ದೊಡ್ಡ ಹಲಗೆಯಲ್ಲಿ ಒರಟು ಮರ ತೆಗೆಯಲು ರೂಟರ್ ನಿಜಕ್ಕೂ ನೆರವಾಗುತ್ತದೆ. ಹಲಗೆಯ ಎರಡೂ ಬದಿಗೆ ಅದಕ್ಕಿಂತ ಎತ್ತರದ ಎರಡು ಹಳಿ. ಹಳಿಯ ಮೇಲೆ ಓಡಾಡುವ ಸೇತುವೆ, ಸೇತುವೆಯ ಮೇಲೆ ರೂಟರ್. ಹೊರಮೈಯನ್ನು ಬೆಟ್ಟದ ಗದ್ದೆಗಳ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಸುವುದು. ಒಂದು ಮೆಟ್ಟಿಲು 2 ಮಿ.ಮೀ. ನಕ್ಷೆಯ ಗೆರೆಗಳನ್ನು ಮೊದಲೇ ಹಲಗೆಯ ಮೇಲೆ ಬರೆದಿರಿ. ಎಲ್ಲ ಕಡೆ ಕೊನೆಯ ಆಕಾರಕ್ಕಿಂತ ಒಂದೂವರೆ ಮಿ.ಮೀ. ಜಾಸ್ತಿ ಮರ ಬಿಡಿ. ದುಂಡು ತುದಿಯ ಬಿಟ್ ಒಳ್ಳೆಯದು.

ಸೇತುವೆಯ ದೊಡ್ಡ ತೊಂದರೆ ನಡುವೆ ಜೋಲುವುದು. ಜೋತರೆ ರೂಟರ್ ನಡುವಿನಲ್ಲೇ ಆಳಕ್ಕೆ ಕಚ್ಚುತ್ತದೆ. ನಮಗೆ ಎತ್ತರ ಬೇಕಾದ್ದು ಅಲ್ಲೇ. ಸೇತುವೆಯ ಎರಡು ಉದ್ದ ಅಂಚಿಗೂ ಪಟ್ಟಿಯನ್ನು ನಿಲ್ಲಿಸಿ ಅಂಟಿಸಿ. ನೀವು ಈಗಾಗಲೇ ಮಾಡಿಕೊಂಡ ಡಯಲ್ ಗೇಜನ್ನು ಬಿಚ್ಚಿ ಸೇತುವೆಯ ಅಡಿಗೆ ಇಟ್ಟು, ರೂಟರನ್ನು ಆ ಕಡೆಯಿಂದ ಈ ಕಡೆ ಸರಿಸಿ ನೋಡಿ. ಎಷ್ಟು ಜೋಲುತ್ತದೆ ಅಂತ ಗೇಜೇ ಹೇಳುತ್ತದೆ.

ರೂಟರನ್ನು ಬಿಟ್ ತಿರುಗುವುದಕ್ಕೆ ಎದುರಾಗಿ ಓಡಿಸಿ, ಅದರ ಜೊತೆಗೆ ಓಡಿಸಿದರೆ ಕೈಯಿಂದ ಕಿತ್ತುಕೊಂಡು ಹೋಗುತ್ತದೆ. ಮುಖಗವಸು ಹಾಕಿಕೊಳ್ಳಿ, ಈ ಪುಡಿ ನುಣ್ಣಗಿದ್ದು ಎದೆಗೆ ಇಳಿಯುತ್ತದೆ. ಒಳಮೈಗೆ ಮಾತ್ರ ಈ ಸೇತುವೆ ಬೇಡ. ಅಲ್ಲಿ ಕಂಬವೇ ಸರಿ.

ಒಂದು ಮಾದರಿ ಹಲಗೆಯನ್ನು ಸವರುತ್ತಾ ಪಕ್ಕದಲ್ಲಿ ಅದೇ ಆಕಾರ ಕೊರೆಯುವ ನಕಲು ಯಂತ್ರವನ್ನೂ ಮನೆಯಲ್ಲಿ ಮಾಡುವವರಿದ್ದಾರೆ. ಸವರುವ ಮೊನೆ ಮತ್ತು ಬಿಟ್ ಒಂದೇ ಅಗಲ, ಒಂದೇ ದುಂಡು ಇದ್ದರೆ ಮಾತ್ರ ಆಕಾರ ಸರಿ ಬರುತ್ತದೆ. ಒಂದೇ ಮಾದರಿಯ ಹತ್ತು ವಾದ್ಯ ಮಾಡುವವರಿಗೆ ಅದು ಸರಿ. ಒಂದೋ ಎರಡೋ ಮಾಡುವವರು ಆ ಯಂತ್ರ ಕಟ್ಟುವ ಹೊತ್ತಿಗೆ ಕೈಯಲ್ಲೇ ಕೆತ್ತಿ ಮುಗಿಸಿರುತ್ತಾರೆ.

ಕೊನೆಯ ಅರ್ಧ ಮಿಲಿಮೀಟರ್

ಇಲ್ಲಿಂದ ಮುಂದೆ ಸ್ಕ್ರೇಪರ್ (ಮರ ಕೆರೆಯುವ ಉಕ್ಕಿನ ತಗಡು), ದೀಪ, ಗೇಜ್. ದೀಪವನ್ನು ಮೇಜಿನ ಮಟ್ಟಕ್ಕೆ ಇಳಿಸಿ, ಬೆಳಕು ಹಲಗೆಯ ಮೇಲೆ ಓರೆಯಾಗಿ ಬೀಳಲಿ. ಮೇಲಿನ ಬೆಳಕಿನಲ್ಲಿ ನಯ ಕಂಡ ಮೈ ಈ ಬೆಳಕಿನಲ್ಲಿ ಅಲೆ ಅಲೆಯಾಗಿ ಕಾಣುತ್ತದೆ. ಹಲಗೆಯ ಒಳಮೈ ಮೇಲೆ ಎರಡು ಸೆಂಟಿಮೀಟರ್‌ಗೊಂದರಂತೆ ದಪ್ಪವನ್ನು ಪೆನ್ಸಿಲಿನಲ್ಲಿ ಬರೆಯಿರಿ. ಕೆರೆಯಿರಿ, ಅಳೆಯಿರಿ, ಅಳಿಸಿ ಮತ್ತೆ ಬರೆಯಿರಿ.

ಮೇಪಲ್ ಮರದ ಬೆನ್ನಹಲಗೆಯ ಅಂಕಿ ಬೇರೆ. ಪಿಟೀಲಿನಲ್ಲಿ ಅದರ ನಡು ಸುಮಾರು 4.5 ಮಿ.ಮೀ., ಬದಿಗಳಿಗೆ ಹೋಗುತ್ತಾ 2.5 ಹತ್ತಿರಕ್ಕೆ ಇಳಿಯುತ್ತದೆ. ಅದಕ್ಕೆ ಕಂಬದ ಜಿಗ್‌ನಲ್ಲಿ ಮೊದಲು ನಡುವನ್ನು ಒಂದು ಅಳತೆಗೆ ಕೊರೆದು, ಸ್ಟಾಪ್ ಅರ್ಧ ಮಿ.ಮೀ. ಇಳಿಸಿ ಅದರ ಸುತ್ತ ಕೊರೆದು, ಹೀಗೆ ಬಳೆ ಬಳೆಯಾಗಿ ಹೊರಗೆ ಬನ್ನಿ.

ಕೊನೆಯದಾಗಿ ಒಂದು ಸಣ್ಣ ಚೌಕಟ್ಟು. ಹಲಗೆಯ ಎರಡು ತುದಿಗೆ ಆಧಾರ ಕೊಟ್ಟು, ಕುದುರೆ (ತಂತಿಗಳನ್ನು ಹೊರುವ ಪುಟ್ಟ ತುಂಡು) ಕೂರುವ ಜಾಗದಲ್ಲಿ 1 ಕೆ.ಜಿ. ತೂಕ ಇಡಿ. ಹಲಗೆ ಎಷ್ಟು ಬಾಗಿತು ಅಂತ ಕೆಳಗಿನಿಂದ ಡಯಲ್ ಗೇಜ್‌ನಲ್ಲಿ ಓದಿ. ಎರಡು ಸ್ಪ್ರೂಸ್ ಹಲಗೆಗಳು ಒಂದೇ ದಪ್ಪ ಇದ್ದರೂ ಒಂದೇ ರೀತಿ ಬಾಗುವುದಿಲ್ಲ. ಈ ಅಂಕಿಯನ್ನು, ಹಲಗೆಯ ತೂಕದ ಜೊತೆ, ಪ್ರತಿ ವಾದ್ಯಕ್ಕೂ ಒಂದು ಪುಸ್ತಕದಲ್ಲಿ ಬರೆದಿಡಿ. ಮೂರನೇ ವಾದ್ಯದ ಹೊತ್ತಿಗೆ, ದನಿ ಚೆನ್ನಾಗಿ ಬಂದ ಹಲಗೆ ಎಷ್ಟು ಬಾಗಿತ್ತು ಅಂತ ಹೋಲಿಸಲು ನಿಮ್ಮದೇ ಅಂಕಿ ಇರುತ್ತದೆ.

ಬೇಕಾದ ದಪ್ಪಕ್ಕಿಂತ 0.2 ಮಿ.ಮೀ. ಜಾಸ್ತಿ ಇರುವಾಗಲೇ ಸ್ಕ್ರೇಪರ್ ಕೆಳಗಿಟ್ಟು, ಹಲಗೆಯನ್ನು ಒಂದು ರಾತ್ರಿ ಎರಡೂ ಮೈಗೆ ಗಾಳಿ ತಾಗುವಂತೆ ನಿಲ್ಲಿಸಿ ಬಿಡಿ. ಹೊಸದಾಗಿ ಕೆತ್ತಿದ ಮರ ಸ್ವಲ್ಪ ತಿರುಚಿಕೊಳ್ಳುತ್ತದೆ. ಬೆಳಗ್ಗೆ ಗೇಜ್ ಸೊನ್ನೆ ಮಾಡಿಕೊಂಡು ಮತ್ತೊಮ್ಮೆ ಪೂರ್ತಿ ಅಳೆಯಿರಿ. ಆ 0.2 ಮಿ.ಮೀ. ಎಲ್ಲಿ ತೆಗೆಯಬೇಕು ಅಂತ ಆಗ ಗೊತ್ತಾಗುತ್ತದೆ.